ಸೂರು ಬಡಿದು ನೋಡುತ್ತಿದ್ದವರು

ಯಾರದಾದರೂ ಮನೆಗೆ ಹೋದರೆ ನಾವೆಲ್ಲ ಮೊದಲು ಮನೆಯವರ ಮುಖ ನೋಡುತ್ತೇವೆ. ಕಾಕಾ ಸೂರು ನೋಡುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕತ್ತೆತ್ತಿ, ಮೂಲೆಯಿಂದ ಮೂಲೆಗೆ ಕಣ್ಣು ಹಾಯಿಸಿ, ಫ್ಯಾನು ಎಲ್ಲಿದೆ ಎಂದು ಗುರುತು ಹಿಡಿದು, ಅದರ ಕೆಳಗಿನ ಜಾಗ ಬಿಟ್ಟು ಬೇರೆ ಕಡೆ ಕೂಡುತ್ತಿದ್ದರು. ಆಮೇಲೆಯೇ, "ಹೂಂ, ಹೇಳ್ರಿ, ಎಲ್ಲಾರೂ ಆರಾಮ?" ಎಂಬ ಮಾತು. ಮನೆಯೊಡತಿ ಆರಾಮ ಎನ್ನುವಷ್ಟರಲ್ಲಿ ಅವರ ಕಣ್ಣು ಮತ್ತೆ ಮೇಲೆ ಹೋಗಿರುತ್ತಿತ್ತು.

ಹೋದ ತಿಂಗಳು ತೀರಿಕೊಂಡರು. ಅಷ್ಟೆಲ್ಲ ಅಂಜಿಕೊಂಡೇ ಬದುಕಿದ ಮನುಷ್ಯ ನಿದ್ದೆಯಲ್ಲಿ, ಗೊತ್ತೇ ಆಗದ ಹಾಗೆ ಹೋದರು. ತಳೇಗಾಂವ ದಾಭಾಡೆಯಲ್ಲಿರುವ ಅವರ ಮಗಳ ಮನೆಗೆ ಮಾತಾಡಿಸಲು ಹೋದಾಗ ಅವರ ಹೆಂಡತಿ ಕಾಕು ನನ್ನ ಕೈ ಹಿಡಿದುಕೊಂಡು, "ನೋಡವಾ, ದವಾಖಾನ್ಯಾಗೂ ಸುಮ್ಮ ಮಲಗಲಿಲ್ಲ. ನರ್ಸಬಾಯಿಗೆ, ಕಾಟು ಸ್ವಲ್ಪ ಸರಸ್ರಿ, ಮ್ಯಾಲೆ ಫ್ಯಾನ್ ಅದ ಅಂದ್ರು" ಎಂದರು. ಬಂದವರೆಲ್ಲ ನಕ್ಕೆವು, ನಕ್ಕ ಬಾಯಲ್ಲೇ ಅತ್ತೆವು. ಕೂಡುವ ಮೊದಲು ನಾವೆಲ್ಲರೂ ಒಮ್ಮೆ ಮೇಲೆ ನೋಡಿಯೇ ಕೂತಿದ್ದೆವು ಎಂಬುದು ನನಗೆ ಆಮೇಲೆ ಹೊಳೆಯಿತು.

ಅವರು ನನಗೆ ಸಂಬಂಧಿಕರಲ್ಲ. ಪುಣೆಯಲ್ಲಿ ತಲೆ ನರೆತ ಗಂಡಸರೆಲ್ಲ ಕಾಕಾ, ಅವರ ಹೆಂಡಂದಿರೆಲ್ಲ ಕಾಕು. ಕೋಥರೂಡದ ಹಳೆಯ ಓಣಿಯೊಂದರ ಬಾಡಿಗೆ ಕಟ್ಟಡದಲ್ಲಿ, ಎಲ್ಲಕ್ಕೂ ಮೇಲಿನ ಮಜಲೆಯಲ್ಲಿ, ಒಂದೇ ಗ್ಯಾಲರಿಗೆ ಅವರ ಬಾಗಿಲೂ ನಮ್ಮ ಬಾಗಿಲೂ ತೆರೆಯುತ್ತಿದ್ದವು. ವಿಜಯಪುರದ ಕಡೆಯವರು. ಹುಡುಗನಾಗಿದ್ದಾಗ ಇಲ್ಲಿಗೆ ಬಂದು, ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತಿಕೆ ಹಿಡಿದು, ಅಲ್ಲಿಯೇ ಮುದುಕರಾಗಿ ಹೊರಬಿದ್ದವರು. ಹೊರಗೆ ಚೊಕ್ಕ ಮರಾಠಿ. ಗ್ಯಾಲರಿಗೆ ಕಾಲಿಟ್ಟರೆ ನಮ್ಮ ಮಾತು.

ಇಂಥ ಅಂಜುಬುರುಕನನ್ನು ನಾನು ಬೇರೆ ಕಂಡಿಲ್ಲ. ಲಿಫ್ಟಿನಲ್ಲಿ ಕಾಲಿಡುತ್ತಿರಲಿಲ್ಲ. ಗಣಪತಿ ನೋಡಲು ಹೋದರೆ ರಸ್ತೆಯ ನಟ್ಟನಡುವೆ ನಡೆಯುತ್ತಿದ್ದರು. ಹಳೆಯ ಗ್ಯಾಲರಿಗಳ ಮೇಲೆ ಜನ ಒತ್ತಾಗಿ ನಿಂತಿರುತ್ತಾರೆ, ಯಾವಾಗ ಕುಸಿಯುತ್ತದೋ ಎಂದು. ಓಣಿಯ ಮೂಲೆಯಲ್ಲಿ ಕರಾವಳಿಯವರೊಬ್ಬರ ಹೋಟೆಲಿದೆ. ಅಲ್ಲಿಗೆ ಹೋದಾಗಲೆಲ್ಲ ಗ್ಯಾಸ್ ಸಿಲಿಂಡರ್ ಎಲ್ಲಿಟ್ಟಿದ್ದಾರೆಂದು ಅಡುಗೆಮನೆಯ ಕಡೆ ಇಣುಕುವರು. ಕೊನೆಕೊನೆಗೆ ಹೋಟೆಲಿನ ಯಜಮಾನರು ಇವರ ತಲೆ ಕಂಡ ಕೂಡಲೇ ಗಲ್ಲೆಯಿಂದಲೇ ಕೂಗುತ್ತಿದ್ದರು: "ಸಿಲಿಂಡರ್ ಹೊರಗೆ ಉಂಟು ಮಾರಾಯ್ರೆ, ನೀವು ಧೈರ್ಯದಲ್ಲಿ ಕೂತ್ಕೊಳ್ಳಿ."

ನನ್ನ ನಾಲಿಗೆಯೂ ಸುಮ್ಮನಿರುವುದಲ್ಲ. "ಕಾಕಾ, ಆಕಾಶಕ್ಕ ಕಂಬ ಇಲ್ಲ, ಅದರ ಕೆಳಗ ಹೆಂಗ ಅಡ್ಡಾಡ್ತೀರಿ?" ಎಂದು ಕೇಳುತ್ತಿದ್ದೆ. "ಅದನ್ನ ಕಟ್ಟಿದಾವ ಬಾಡಿಗಿ ತಗೊಳ್ಳೂದಿಲ್ಲ, ತಂಗಿ. ಅದಕ್ಕ ನಂಬೀನಿ" ಎನ್ನುತ್ತಿದ್ದರು. ಅಂಜುಬುರುಕರಾದರೂ ಮಾತಿಗೆ ಕಡಿಮೆ ಇರಲಿಲ್ಲ.

ಅವರ ಹತ್ತಿರ ಒಂದು ಆಯುಧವಿತ್ತು. ಕಸಬರಿಗೆಯ ಉದ್ದ ಕೋಲಿನ ತುದಿಗೆ ಕಾಕುವಿನ ಹಳೆಯ ಲಟ್ಟಣಿಗೆಯನ್ನು ಅಡ್ಡ ಕಟ್ಟಿಕೊಂಡಿದ್ದರು. ಮಳೆಗಾಲಕ್ಕೆ ಮೊದಲು ಅದನ್ನು ಹೆಗಲ ಮೇಲಿಟ್ಟುಕೊಂಡು ಮನೆಮನೆಗೆ ಬಂದು ಸೂರು ಬಡಿಯುತ್ತಿದ್ದರು. ಒಂದೊಂದು ಗೇಣಿಗೆ ಒಂದೊಂದು ಪೆಟ್ಟು, ಕಿವಿ ಓರೆ ಮಾಡಿ. "ಟಕ್ ಅಂದ್ರ ಗಟ್ಟಿ ಅದ. ಡಬ್ ಅಂದ್ರ ಒಳಗ ಪೊಳ್ಳ." ಇದನ್ನು ಅವರು ಎಲ್ಲಿಂದ ಕಲಿತರೋ. ಡಬ್ ಎಂದ ಮನೆಯವರ ಮುಖ ಸಣ್ಣಗಾಗುತ್ತಿತ್ತು, ಟಕ್ ಎಂದ ಮನೆಯವರು ಚಹಾ ಕೊಡುತ್ತಿದ್ದರು. ಬರೇ ಸುಣ್ಣದ ಪುಡಿ ತಲೆಗೆ ಉದುರಿಸಿ ಹೋಗುತ್ತಾರೆಂದು ಬಾಗಿಲು ತೆಗೆಯದವರೂ ಇದ್ದರು.

ನಮ್ಮ ಒಳಕೋಣೆ ಹಲವು ವರ್ಷಗಳಿಂದ ಡಬ್ ಎನ್ನುತ್ತಿತ್ತು. ಅದರ ಮೇಲೆಯೇ ತಾರಸಿಯ ನೀರಿನ ಟಾಕಿ. ಸ್ಲ್ಯಾಬಿನಲ್ಲಿ ಮೊದಲು ಒಂದು ಹಸಿ ಕಲೆ, ಆಮೇಲೆ ಉಬ್ಬು, ಆಮೇಲೆ ಉಬ್ಬಿನ ನಡುವೆ ಕೂದಲೆಳೆಯಂಥ ಬಿರುಕು. ಆ ಉಬ್ಬಿನ ಕೆಳಗೇ ನಮ್ಮ ಅತ್ತೆಯವರ ಕಾಟು. ಎಂಬತ್ತು ದಾಟಿದವರು, ಸೊಂಟ ಹೋಗಿದೆ. ಬಚ್ಚಲು ಪಕ್ಕದಲ್ಲೇ ಇರುವ ಆ ಕೋಣೆ ಬಿಟ್ಟು ಏಳುವುದಿಲ್ಲ ಎಂದು ಹಟ. ಹೊರಕೋಣೆಯಲ್ಲಿ ಕಾಟು ಹಾಕಿದರೆ ನಮಗೆ ಕಾಲಿಡಲು ಜಾಗವಿಲ್ಲ. ಕಟ್ಟಡದ ಮಾಲಕರು ಪುಣೆಯಾಚೆ ಭೋರ ಎಂಬ ಊರಲ್ಲಿರುತ್ತಾರೆ. ಬಾಡಿಗೆಯ ದಿನ ಮಾತ್ರ ಅವರ ಫೋನು ಮೊದಲನೆಯ ರಿಂಗಿಗೇ ಏಳುತ್ತಿತ್ತು. ಸೋರುತ್ತದೆ ಎಂದು ಹೇಳಲು ಮಾಡಿದರೆ ಅವರ ಊರಿನ ಗುಡ್ಡಗಳಲ್ಲಿ ರೇಂಜು ಇರುತ್ತಿರಲಿಲ್ಲ.

ಹೀಗಿರುವಾಗ ಆ ಕಂಪನಿಯವನು ಬಂದ.

ಸಂಜೆ ಗಂಟೆ ಬಾರಿಸಿತು. ನಲವತ್ತರ ಆಸುಪಾಸಿನ ಗಂಡಸು, ಇಸ್ತ್ರಿ ಶರ್ಟು, ಕೊರಳಲ್ಲಿ ಬಿಲ್ಲೆ. ಮರಾಠಿಯಲ್ಲಿ ಶುರು ಮಾಡಿದವನು ಬಾಗಿಲ ಮೇಲಿನ ನಮ್ಮ ಮನೆತನದ ಅಡ್ಡಹೆಸರು ನೋಡಿ ತಟ್ಟನೆ, "ಕನ್ನಡದವರೇನ್ರೀ ವೈನಿ? ನಾನೂ ಹುಬ್ಬಳ್ಳಿಯಾಂವ" ಎಂದ. ಅಷ್ಟೇ ಸಾಕಾಯಿತು. ಪುಣೆಯಲ್ಲಿ ಬಾಗಿಲಿಗೆ ಬಂದವನು ಕನ್ನಡದಲ್ಲಿ ಮಾತಾಡಿದರೆ ನಾವು ಅವನ ಕೆಲಸವೇನೆಂದು ಕೇಳುವುದಿಲ್ಲ, ಊರು ಯಾವುದೆಂದು ಕೇಳುತ್ತೇವೆ. ಊರಾದ ಮೇಲೆ ಮನೆತನ, ಮನೆತನವಾದ ಮೇಲೆ ಅವಲಕ್ಕಿ, ಚಹಾ. ಬಂದ ಕಾರಣ ಕೇಳುವ ಹೊತ್ತಿಗೆ ಅವನು ನಮ್ಮವನೇ ಆಗಿದ್ದ.

ಅವನ ಕೆಲಸ ಇದು: ಬಾಡಿಗೆ ಮನೆ ಹಾಳಾಗಿದ್ದು ಮಾಲಕ ರಿಪೇರಿ ಮಾಡಿಸದಿದ್ದರೆ, ಬಾಡಿಗೆದಾರರ ಪರವಾಗಿ ಅವನ ಕಂಪನಿ ಮಾಲಕನ ಮೇಲೆ ಪರಿಹಾರಕ್ಕೆ ದಾವೆ ಹೂಡಿಸುತ್ತದೆ. ನಾವು ಬಿಡಿಗಾಸು ಕೊಡಬೇಕಿಲ್ಲ. ಗೆದ್ದರೆ ಬಂದದ್ದರಲ್ಲಿ ಅವರಿಗೊಂದು ಪಾಲು. "ರಿಪೇರಿನೂ ಆಗ್ತದ, ಪರಿಹಾರನೂ ಬರ್ತದ, ಮಾಲಕ ನಿಮ್ಮನ್ನ ಮನೀ ಬಿಡಸೂ ಮಾತ ಆಡೂದಿಲ್ಲ. ನೀವು ಬರೇ ಒಂದು ಸಹಿ ಮಾಡ್ರಿ" ಎಂದ. ಬಿಡಿಸುವುದು ಎಂಬ ಮಾತಿಗೆ ನನ್ನ ಗಂಡನ ಮುಖ ಬಿಳಿಚಿತು. ಈ ಬಾಡಿಗೆಗೆ ಕೋಥರೂಡದಲ್ಲಿ ಇನ್ನೊಂದು ಮನೆ ಕನಸಿನಲ್ಲೂ ಸಿಗುವುದಿಲ್ಲ. ಇಡೀ ಕಟ್ಟಡವೇ ಆ ಅಂಜಿಕೆಯ ಮೇಲೆ ನಿಂತಿತ್ತು. ಆ ವಾರ ಎಲ್ಲರೂ ಸಹಿ ಮಾಡಿದರು.

ಕಾಕಾ ಕೊನೆಯವರು. ಅವರು ಆ ಮನುಷ್ಯನಿಗೆ ಕೇಳಿದ್ದು ಒಂದೇ ಮಾತು: "ಸಾಹೇಬ್ರ, ನೀವು ಏನರ ತಪ್ಪ ಮಾಡಿದ್ರ, ನಾವು ಯಾರ ಕಡೆ ಹೋಗಬೇಕ್ರಿ?" ಅವನು ನಕ್ಕು, "ನನ್ನ ಕಡೆನ ಬರ್ರಿ ಕಾಕಾ" ಎಂದ. ಕಾಕಾ ನಗಲಿಲ್ಲ. ಆದರೂ ಸಹಿ ಮಾಡಿದರು. ಅಂಜುವವರಿಗೆ ಎಲ್ಲರನ್ನೂ ಬಿಟ್ಟು ಒಬ್ಬರೇ ಉಳಿಯುವ ಅಂಜಿಕೆ ಉಳಿದೆಲ್ಲಕ್ಕಿಂತ ದೊಡ್ಡದು.

ಮುಂದಿನ ಸಲ ಅವನು ಫೋಟೋ ತೆಗೆಯಲು ಬಂದ. ಉಬ್ಬು, ಬಿರುಕು, ಕಲೆ, ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದ. ಎದ್ದು ಕೂತಿದ್ದ ಅತ್ತೆಯವರಿಗೆ, "ಅಜ್ಜಿ, ಸ್ವಲ್ಪ ಮಲಕೋರಿ, ಕಾಟಿನ ಮ್ಯಾಲೆ ನೀವಿದ್ದ ಫೋಟೋ ಬಂದ್ರ ಕೇಸು ಗಟ್ಟಿ ಆಗ್ತದ" ಎಂದ. ಅತ್ತೆ ಸೆರಗು ಸರಿಮಾಡಿಕೊಂಡು, ಫೋಟೋಕ್ಕೆಂದು ಸ್ವಲ್ಪ ನಕ್ಕು ಮಲಗಿದರು. ಹೋಗುವಾಗ ಅವನು ಹೇಳಿದ ಮಾತು ಇದು: ಇನ್ನು ನಮ್ಮ ಇನ್‌ಸ್ಪೆಕ್ಷನ್ ಆಗುವವರೆಗೆ ಯಾರೂ ಏನನ್ನೂ ಮುಟ್ಟಬಾರದು. ಕೆರೆಯಬಾರದು, ಸುಣ್ಣ ಬಳಿಯಬಾರದು, ಮಾಲಕ ರಿಪೇರಿಗೆಂದು ಗವಂಡಿಯನ್ನು ಕಳಿಸಿದರೆ ಒಳಗೆ ಬಿಡಬಾರದು. ಅಜ್ಜಿಯ ಕಾಟನ್ನೂ ಸರಿಸಬಾರದು. ಸರಿಸಿದರೆ, ಮನೆಯಲ್ಲಿ ಬೇರೆ ಜಾಗ ಇತ್ತಲ್ಲ ಎಂದು ಆ ಕಡೆಯ ವಕೀಲ ಹಿಡಿಯುತ್ತಾನೆ. "ಎಷ್ಟು ಹಾಳಾಗ್ತದೋ ಅಷ್ಟು ಪುರಾವೆ, ವೈನಿ. ಗಡಬಡ ಮಾಡಬ್ಯಾಡ್ರಿ."

ಅಲ್ಲಿಯವರೆಗೆ ಉಬ್ಬು ದೊಡ್ಡದಾದರೆ ಅಂಜುತ್ತಿದ್ದೆವು. ಈಗ ಉಬ್ಬು ದೊಡ್ಡದಾದರೆ ನನ್ನ ಗಂಡ, "ಕೇಸಿಗೆ ಛಲೋನ ಆತು" ಎನ್ನುತ್ತಿದ್ದ. ಹಾಗೆಂದ ಅವನ ಮುಖ ನೋಡಿದರೆ ಅವನಿಗೂ ಆ ಮಾತು ರುಚಿಸಿದಂತೆ ಕಾಣುತ್ತಿರಲಿಲ್ಲ.

ಕಂಪನಿಯ ನೋಟೀಸು ಭೋರಕ್ಕೆ ಮುಟ್ಟಿತು. ಅದೊಂದು ಚಮತ್ಕಾರ: ವರ್ಷಗಟ್ಟಲೆ ಕೇಳಿಸದ ಮಾಲಕರಿಗೆ ಕಿವಿ ಬಂದು, ಮಳೆಗಾಲಕ್ಕೆ ಮೊದಲೇ ಗವಂಡಿಯನ್ನು ಕಳಿಸಿಬಿಟ್ಟರು. ಸಿಮೆಂಟಿನ ಚೀಲ, ತಾಪಿ, ಬುಟ್ಟಿ ಹಿಡಿದು ಬಂದು ನಿಂತ ಆ ಮನುಷ್ಯನನ್ನು ನನ್ನ ಗಂಡ ಬಾಗಿಲಲ್ಲೇ ತಡೆದು ವಾಪಸು ಕಳಿಸಿದ. ಎಲ್ಲ ಮನೆಯವರೂ ಹಾಗೆಯೇ ಮಾಡಿದರು. ಗವಂಡಿ ಮೆಟ್ಟಿಲು ಇಳಿಯುತ್ತ, ಇಂಥ ವಿಚಿತ್ರ ಜನರನ್ನು ನೋಡಿಲ್ಲ ಎಂದು ಮರಾಠಿಯಲ್ಲಿ ಗೊಣಗಿದ. ಗ್ಯಾಲರಿಯಲ್ಲಿ ನಿಂತಿದ್ದ ಕಾಕಾ ಅವನು ಓಣಿಯ ತಿರುವು ದಾಟುವವರೆಗೂ ನೋಡುತ್ತಲೇ ಇದ್ದರು.

ಇನ್‌ಸ್ಪೆಕ್ಷನ್ ಬರಲಿಲ್ಲ. ನಾಳೆ ಎಂದರು, ಮುಂದಿನ ವಾರ ಎಂದರು, ಸಾಹೇಬರು ಮುಂಬೈಗೆ ಹೋಗಿದ್ದಾರೆ ಎಂದರು. ಮಳೆ ಮಾತ್ರ ಹೇಳಿದ ಹೊತ್ತಿಗೆ ಬಂತು. ಒಳಕೋಣೆಯಲ್ಲಿ ಮೊದಲು ತೊಟ್ಟು ತೊಟ್ಟು, ಆಮೇಲೆ ಒಂದೇ ಧಾರೆ. ಅತ್ತೆಯವರ ಹಾಸಿಗೆಯ ಮೇಲೆ ಪ್ಲಾಸ್ಟಿಕ್ಕು ಹಾಸಿದೆ. ಕಾಟು ಸರಿಸೋಣವೆಂದರೆ ಗಂಡ ಬೇಡವೆಂದ, ಅತ್ತೆಯೂ ಬೇಡವೆಂದರು. ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತ ಕೂತಿದ್ದಾಗ ಎಲ್ಲಿಯಾದರೂ ಏನಾದರೂ ಧಡ್ ಎಂದರೆ ನನ್ನ ಕೈಯಿಂದ ಪೆನ್ನು ಬೀಳುತ್ತಿತ್ತು. ಸಂಜೆ ಮೆಟ್ಟಿಲು ಹತ್ತುವಾಗ, ಮೇಲೆ ಜನ ನೆರೆದ ಸದ್ದು ಕೇಳುತ್ತಿದೆಯೇ ಎಂದು ನಿಂತು ಆಲಿಸಿ ಮತ್ತೆ ಹತ್ತುತ್ತಿದ್ದೆ. ಅಂಜುಬುರುಕ ಎಂದು ನಾನು ಯಾರನ್ನು ನೋಡಿ ನಗುತ್ತಿದ್ದೆನೋ ಅವರ ಅಂಜಿಕೆ ನನಗೆ ಅಂಟಿತ್ತು.

ಕಾಕಾ ಆ ದಿನಗಳಲ್ಲಿ ಕೊಡೆ ಹಿಡಿದು ಕಚೇರಿಗಳನ್ನು ಸುತ್ತಿದರು. ಪೊಲೀಸ್ ಚೌಕಿಗೆ ಹೋದರು, ಅಲ್ಲಿಯವರು ನಿಮ್ಮ ಸಹಿ ನೀವೇ ಮಾಡಿದ್ದೀರಿ, ಇದರಲ್ಲಿ ಅಪರಾಧವೇನು ಎಂದರು. ವಾರ್ಡ್ ಆಫೀಸಿಗೆ ಹೋದರು. ಕಟ್ಟಡಗಳು ನಮ್ಮ ಕೆಲಸ, ಕಂಪನಿ ನಮ್ಮದಲ್ಲ ಎಂದು ಅಲ್ಲಿನವರು ಕಳಿಸಿದರು. ಅಂಗಡಿಗೆ ಬಟ್ಟೆ ಕೊಳ್ಳಲು ಬರುತ್ತಿದ್ದ ಹಳೆಯ ಪರಿಚಯದ ವಕೀಲರೊಬ್ಬರ ಮನೆಗೂ ಹೋದರು. ವಕೀಲರು ಕಕ್ಷಿದಾರರ ಗೆಲುವಿನಲ್ಲಿ ಪಾಲು ಕೇಳುವಂತಿಲ್ಲ, ಕೇಳಿದರೆ ವಕೀಲಿಯ ಸನದಿಗೇ ಕುತ್ತು. ಆದರೆ ಈ ಕಂಪನಿಯವರು ವಕೀಲರೇ ಅಲ್ಲವಲ್ಲ, ಅವರಿಗೆ ಆ ನಿಯಮ ತಾಗುವುದಿಲ್ಲ ಎಂದು ಅವರು ಹೇಳಿದರಂತೆ. ಹಾಗಾದರೆ ಇವರನ್ನು ಕೇಳುವವರು ಯಾರು ಎಂದದ್ದಕ್ಕೆ ವಕೀಲರು ಕನ್ನಡಕ ಒರೆಸುತ್ತ, "ಕೋಣೀ ನಾಹೀ, ಕಾಕಾ" ಎಂದರಂತೆ. ಯಾರೂ ಇಲ್ಲ.

ವಾಪಸು ಬಂದ ಕಾಕಾ ಗ್ಯಾಲರಿಯಲ್ಲಿ ಒದ್ದೆ ಕೊಡೆ ಬಿಚ್ಚಿಟ್ಟು ಕೂತರು. "ರಿಕ್ಷಾದ ಮೀಟರಿಗೆ ಸೀಲ್ ಅದ, ತಂಗಿ. ಕಾಯಿಪಲ್ಲೆ ಮಾರಾವರ ತಕ್ಕಡಿಗೆ ಸೀಲ್ ಅದ. ಹೋಟೆಲ್ಲಿನವರು ಗ್ವಾಡಿಗೆ ಲೈಸೆನ್ಸ್ ತೂಗು ಹಾಕ್ಯಾರ. ಮಂದೀ ಸಹಿ ತಗೊಂಡು, ಮಂದೀ ಮನಿ ಮ್ಯಾಲೆ ವ್ಯಾಪಾರ ಮಾಡಾವರಿಗೆ ಏನೂ ಇಲ್ಲ. ಒಂದು ಸೀಲ್ ಇಲ್ಲ. ಇದು ಮಾಲಕ ಇಲ್ಲದ ನಾಯಿ. ಕಡದ್ರ ಯಾರ ಮನೀ ಮುಂದ ಹೋಗಿ ನಿಂದ್ರೂದು?"

"ಹಂಗಾದ್ರ ಗವಂಡಿನ್ನ ಕರಸೂಣೇನು ಕಾಕಾ?"

"ಕಂಪನಿಯವರು ಬಿಡೂದಿಲ್ಲವಾ. ಫೋನ್ ಮಾಡಿ ಕೇಳಿದೆ. ಕರಾರು ಮುರದ್ರ ಇಲ್ಲೀತನಕಾ ಆದ ಖರ್ಚೆಲ್ಲಾ ನಿಮ್ಮ ಮ್ಯಾಲೆ ಅಂದಾ. ಎಷ್ಟಂತ ಹೇಳವಲ್ಲ. ಎಷ್ಟಂತ ಹೇಳಿದ್ರ ಒಂದು ಲೆಕ್ಕ, ತಂಗಿ. ಹೇಳದಿದ್ದ್ರ ಭಾಳ ಅಂಜಿಕಿ." ಹೇಳುವಾಗ ಅವರ ಕೈ ಪಂಚೆಯ ಅಂಚನ್ನು ಹೊಸೆಯುತ್ತಲೇ ಇತ್ತು.

ಆ ಸಂಜೆಯೇ ಅವರು ಇನ್ನೊಂದು ಮಾತು ಹೇಳಿದ್ದು. ಅಷ್ಟು ವರ್ಷ ಒಂದೇ ಗ್ಯಾಲರಿಯಲ್ಲಿದ್ದರೂ ಹೇಳಿರಲಿಲ್ಲ. ಮಳೆ ಜಿನುಗುತ್ತಿತ್ತು, ಕಾಕು ಒಳಗೆ ಭಕ್ಕರಿ ಬಡಿಯುತ್ತಿದ್ದರು. ಕಾಕಾನ ಊರಿನ ಮನೆ ಮಣ್ಣಿನ ಮಾಳಿಗೆಯದು. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯಬೇಕು. ಇಲ್ಲದಿದ್ದರೆ ನೀರು ಕುಡಿದು ಮಾಳಿಗೆ ಭಾರವಾಗುತ್ತದೆ. ಆ ವರ್ಷ ಅವರ ಅಪ್ಪನಿಗೂ ದೊಡ್ಡಪ್ಪನಿಗೂ ಪಾಲಿನ ಜಗಳ.

"ಅಪ್ಪ ಮಣ್ಣ ಹಾಕಲಿಲ್ಲ. ಸೋರ್ಲಿ ಬಿಡು, ಪಂಚರು ಬಂದಾಗ ತೋರಸ್ತೀನಿ, ಅಣ್ಣ ನನಗ ಎಂಥಾ ಪಾಲು ಕೊಟ್ಟಾನ ಅಂತ ಅವರ ಕಣ್ಣಿಲೆ ನೋಡ್ಲಿ ಅಂದ. ಅವ್ವ ಕೈ ಮುಗದ್ಲು. ಕೇಳಲಿಲ್ಲ." ಒದ್ದೆ ಕೊಡೆಯನ್ನು ಗೋಡೆಗೆ ಸರಿಸಿದರು. "ಪಂಚರು ಬಂದ್ರು. ಎಲ್ಲಾ ಆದಮ್ಯಾಲೆ ಬಂದ್ರು. ನನಗಿಂತ ಸಣ್ಣಾಕಿ ಒಬ್ಬಾಕಿ ಇದ್ಲು, ಆಕಿ ಒಳಗ ಮಲಗಿದ್ಲು."

ಅವರು ಎದ್ದು, ಬಾಗಿಲ ಹಿಂದಿನ ಕೋಲು ತೆಗೆದುಕೊಂಡು ನಮ್ಮ ಒಳಕೋಣೆಗೆ ನಡೆದರು. ಅತ್ತೆ, "ಏನು ತಮ್ಮಾ, ಮತ್ತ ಬಡಿಯಾಂವೇನು?" ಎಂದು ನಕ್ಕರು. ಕಾಕಾ ಉಬ್ಬಿಗೆ ಲಟ್ಟಣಿಗೆಯನ್ನು ಮೆಲ್ಲಗೆ ತಾಗಿಸಿದರು. ಡಬ್ ಎನ್ನಲಿಲ್ಲ. ಟಕ್ ಕೂಡ ಅಲ್ಲ. ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಸಪ್ಪಳವೇ ಇಲ್ಲದೆ ಒಳಗಿನಿಂದ ಏನೋ ಜರುಗಿತು. ಬಿರುಕಿನಿಂದ ಕೆಂಪು ನೀರು ಇಳಿಯಿತು, ಕಬ್ಬಿಣದ ತುಕ್ಕಿನ ನೀರು. ಕಾಕಾ ಕೋಲು ಇಳಿಸಿ, "ಅಕ್ಕಾ, ನಮ್ಮ ಮನ್ಯಾಗ ಕಾಕು ಒಬ್ಬಾಕಿನ ಕುಂತು ಬ್ಯಾಸರ ಮಾಡ್ಕೊಂಡಾಳ. ಎರಡು ದಿವಸ ಬರ್ರಿ" ಎಂದರು. ಅವರ ಧ್ವನಿಯಲ್ಲಿ ಏನಿತ್ತೋ, ಆ ಹಟಮಾರಿ ಮುದುಕಿ ಮಾತಾಡದೆ ಕೈ ಚಾಚಿದರು. ನಾವಿಬ್ಬರೂ ಹಿಡಿದು ಅವರನ್ನು ಆಚೆ ಮನೆಗೆ ದಾಟಿಸಿದೆವು.

ಮರುದಿನ ನನ್ನ ಗಂಡ ಕೆಲಸಕ್ಕೆ ಹೋದ ಮೇಲೆ ಕಾಕಾ ತಾವೇ ಭೋರಕ್ಕೆ ಫೋನು ಮಾಡಿ ಗವಂಡಿಯನ್ನು ಕರೆಸಿದರು. ನನಗೆ, "ಇವತ್ತು ನೀ ಸಾಲಿಗೆ ಹೋಗಬ್ಯಾಡ. ನನಗ ಒಬ್ಬನಿಗೇ ಧೈರ್ಯ ಸಾಲೂದಿಲ್ಲ" ಎಂದರು. ಗವಂಡಿ ಸಾಮಾನು ಇಳಿಸುತ್ತಿದ್ದಂತೆಯೇ ಕೆಳಗಿನ ಮನೆಯವರು ಯಾರೋ ಕಂಪನಿಗೆ ತಿಳಿಸಿರಬೇಕು. ಅವನು ಬಂದೇ ಬಿಟ್ಟ. ಬಾಗಿಲಲ್ಲಿ ನಿಂತು, ಬೆಣ್ಣೆಯಂಥ ದನಿಯಲ್ಲೇ ಹೇಳಿದ: "ವೈನಿ, ಯಾರನ್ನ ಕೇಳಿ ಇವನ್ನ ಕರಸಿದ್ರಿ? ಒಂದು ಚೂರು ಕೆರದ್ರೂ ಕೇಸು ಬಿತ್ತು. ನೀವೊಬ್ಬರ ಅಲ್ಲ, ಎಲ್ಲಾರದೂ ಬಿತ್ತು. ಖರ್ಚು ನಿಮ್ಮ ಮ್ಯಾಲೆ. ನಾಳೆ ಮಾಲಕ ಮನೀ ಬಿಡಸಲಿಕ್ಕೆ ಬಂದ್ರ ನಮ್ಮನ್ನ ಕರೀಬ್ಯಾಡ್ರಿ." ಕೆಳಗಿನ ಮಜಲೆಯವರು ಮೆಟ್ಟಿಲ ಮೇಲೆ ನೆರೆದಿದ್ದರು. ಗವಂಡಿ ತಾಪಿ ಕೆಳಗಿಟ್ಟ.

ಕಾಕಾ ಒಳಕೋಣೆಯಿಂದ ಕೋಲು ಹಿಡಿದೇ ಬಂದರು.

"ಸಾಹೇಬ್ರ, ಒಳಗ ಬರ್ರಿ. ನೀವು ಹೇಳಿದ್ದೆಲ್ಲಾ ಖರೇ ಅದ. ಒಂದ ಮಾತು. ಆ ಕಾಟಿನ ಮ್ಯಾಲೆ ಸ್ವಲ್ಪ ಅಡ್ಡಾಗ್ರಿ."

"ಏನಂದ್ರಿ?"

"ಅಡ್ಡಾಗ್ರಿ ಅಂದೆ. ಅಕ್ಕಾರನ್ನ ಮಲಗಿಸಿ ಫೋಟೋ ತಗದ್ರೆಲ್ಲಾ, ಹಂಗ. ತಂಗಿ ಚಹಾಕ್ಕ ಇಡ್ತಾಳ. ಚಹಾ ಕುದಿಯೂತನಕಾ ಮಲಗಿ ಎದ್ದು ಬರ್ರಿ. ಬಂದ್ರ, ಗವಂಡಿನ್ನ ನಾನ ವಾಪಸ್ ಕಳಸ್ತೀನಿ. ನಮ್ಮ ಮಂದಿ ಅಂತೀರಿ, ಇಷ್ಟು ಮಾಡ್ರಿ."

ಅವನು ನಕ್ಕ. ಮೆಟ್ಟಿಲ ಮೇಲಿನವರನ್ನು ನೋಡಿದ, ಅವರು ನಗಲಿಲ್ಲ. ಎರಡು ಹೆಜ್ಜೆ ಒಳಗೆ ಬಂದು ಒಳಕೋಣೆಯ ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದ. ಕೆಂಪು ನೀರು ಇನ್ನೂ ಇಳಿಯುತ್ತಿತ್ತು. ಅವನ ಕಾಲು ಹೊಸ್ತಿಲು ದಾಟಲಿಲ್ಲ.

"ಬರ್ರಿ, ನಾ ಜೋಡಿ ಕೂಡ್ತೀನಿ" ಎಂದ ಕಾಕಾ, ನಾನು ಬೇಡ ಎನ್ನುವಷ್ಟರಲ್ಲಿ ಹೋಗಿ ಆ ಕಾಟಿನ ಮೇಲೆ, ಉಬ್ಬಿನ ನೇರ ಕೆಳಗೆ ಕೂತುಬಿಟ್ಟರು. ಫ್ಯಾನಿನ ಕೆಳಗೆ ಕೂಡದ ಮನುಷ್ಯ. ಅವರ ಮಂಡಿಗಳು ಎಷ್ಟು ನಡುಗುತ್ತಿದ್ದವೆಂದರೆ, ತೊಡೆಯ ಮೇಲಿದ್ದ ಲಟ್ಟಣಿಗೆ ಕಾಟಿನ ಕಬ್ಬಿಣಕ್ಕೆ ತಾಗಿ ಟಕಟಕ ಎನ್ನುತ್ತಿತ್ತು. ಒಮ್ಮೆ ಮೇಲೆ ನೋಡಿ ಕಣ್ಣು ಮುಚ್ಚಿಕೊಂಡರು. ಇಡೀ ಮನೆಯಲ್ಲಿ ಆ ಟಕಟಕ ಬಿಟ್ಟು ಬೇರೆ ಸದ್ದಿರಲಿಲ್ಲ. ನಾನು ಒಂದೇ ಸವನೆ ಮಂತ್ರಾಲಯದ ಸ್ವಾಮಿಗಳ ಹೆಸರು ಹೇಳುತ್ತಿದ್ದೆ, ಬಾಯಿ ಬಿಟ್ಟೋ ಮನಸ್ಸಿನಲ್ಲೋ ಗೊತ್ತಿಲ್ಲ.

ಅವನು ಕಿಸೆಯಿಂದ ಮೊಬೈಲು ತೆಗೆದು, "ಆಫೀಸಿಗೆ ಮಾತಾಡಿ ಬರ್ತೀನಿ" ಎಂದು ಮೆಟ್ಟಿಲಿಳಿದ. ಮತ್ತೆ ಬರಲಿಲ್ಲ.

ಕಾಕಾಗೆ ಏಳಲು ಆಗಲಿಲ್ಲ. ಕಾಲೇ ಕೇಳದಾಗಿತ್ತು. ಗವಂಡಿಯೂ ನಾನೂ ರಟ್ಟೆ ಹಿಡಿದು ಎಳೆದು ಹೊರಗೆ ತಂದೆವು. ಗವಂಡಿ ಎಲ್ಲರನ್ನೂ ದೂರ ಸರಿಸಿ, ಹೊಸ್ತಿಲಲ್ಲೇ ನಿಂತು ಉದ್ದನೆಯ ಕಬ್ಬಿಣದಿಂದ ಉಬ್ಬಿನ ಅಂಚನ್ನು ಬರೇ ಮುಟ್ಟಿದ. ಕಾಟಿನಗಲದ ತುಂಡು ಒಂದೇ ಸಲಕ್ಕೆ ಬಿತ್ತು. ಮನೆ ತುಂಬ ಧೂಳು. ಧೂಳು ಇಳಿದಾಗ ಮೇಲೆ ತುಕ್ಕು ತಿಂದ ಸರಳುಗಳು ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು, ಕೆಳಗೆ ಕಾಟು ನಡುವಿಗೇ ಮುರಿದಿತ್ತು. ಆಚೆ ಮನೆಯಿಂದ ಅತ್ತೆ ಕೂಗಿದರು: "ಏನಾತವಾ?"

ಕಾಕಾ ಗ್ಯಾಲರಿಯ ಗೋಡೆಗೆ ಒರಗಿಕೊಂಡೇ ಉತ್ತರ ಕೊಟ್ಟರು. "ಏನಿಲ್ಲಕ್ಕಾ. ಕಾಟು ಹಳೇದಾಗಿತ್ತು."

ಆ ಮೇಲೆ ಎಲ್ಲ ಮನೆಯವರೂ ಗವಂಡಿಯನ್ನು ಒಳಗೆ ಕರೆದರು. ಕಂಪನಿಯಿಂದ ನಮಗೆಲ್ಲ ನೋಟೀಸು ಬಂದವು; ಕಾಕಾಗೆ ಎಲ್ಲರಿಗಿಂತ ಮೊದಲು. ಕಾಯ್ದೆಯ ಭಾಷೆ, ಕೆಳಗೆ ಯಾವ ವಕೀಲರ ಹೆಸರೂ ಇಲ್ಲ. ಮುಂದೆ ಏನೂ ಆಗಲಿಲ್ಲ. ಇನ್ನು ಏನೂ ಆಗುವುದಿಲ್ಲವೆಂದು ಹೇಳುವವರೂ ಯಾರೂ ಇರಲಿಲ್ಲ. ಬಾಗಿಲ ಗಂಟೆ ಬಾರಿಸಿದರೆ ಕಾಕಾ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರೆಂದು ಕಾಕು ಹೇಳುತ್ತಿದ್ದರು. ಒಂದು ದಿನ ಧೈರ್ಯಶಾಲಿಯಾದವನು ಉಳಿದ ದಿನವೆಲ್ಲ ಧೈರ್ಯಶಾಲಿಯಾಗಿರುತ್ತಾನೆಂದು ಕತೆಗಳಲ್ಲಿ ಬರೆಯುತ್ತಾರೆ. ಕಾಕಾ ಹಾಗಾಗಲಿಲ್ಲ. ಮೊದಲಿಗಿಂತ ಹೆಚ್ಚು ಅಂಜಿದರು. ತಳೇಗಾಂವಕ್ಕೆ ಮಗಳ ಮನೆಯಲ್ಲಿ ಇರಲು ಹೋಗುವಾಗ ಕೋಲನ್ನು ನನ್ನ ಕೈಗೆ ಕೊಟ್ಟು, "ಅಲ್ಲೆ ಹೊಸಾ ಕಟ್ಟಡ, ಬಡದ್ರ ಅಳಿಯ ಸಿಟ್ಟಾಗ್ತಾನ. ನೀ ಬಡೀತಿರು" ಎಂದರು. ಕಂಪನಿಯ ಆಫೀಸು ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ.

ಹೋದ ವಾರ, ತಳೇಗಾಂವದಿಂದ ಬಂದು ನಾಲ್ಕು ದಿನ ಆಗಿರಬೇಕು, ಸಂಜೆ ಗಂಟೆ ಬಾರಿಸಿತು. ತೆರೆದರೆ ಅವನೇ. ಸ್ವಲ್ಪ ನರೆತಿದ್ದಾನೆ. ಕೊರಳಲ್ಲಿ ಬೇರೆ ಬಣ್ಣದ ಬಿಲ್ಲೆ, ಬೇರೆ ಕಂಪನಿಯ ಹೆಸರು. ನನ್ನ ಗುರುತು ಹತ್ತಲಿಲ್ಲ. ಎಷ್ಟು ಬಾಗಿಲು ನೋಡಿರುತ್ತಾನೋ. ಅಡ್ಡಹೆಸರು ಓದಿ, "ಕನ್ನಡದವರೇನ್ರೀ ವೈನಿ? ಮನೀ ಸೋರ್ತದೇನ್ರೀ?" ಎಂದ. ಇಲ್ಲ ಎಂದು ಬಾಗಿಲು ಹಾಕಿಕೊಂಡೆ. ಅತ್ತೆ ಒಳಗಿನಿಂದ ಯಾರವಾ ಎಂದು ಕೇಳಿದರು.

ಅವನು ಮೆಟ್ಟಿಲಿಳಿದ ಸದ್ದಾದ ಮೇಲೆ ಬಾಗಿಲು ತೆರೆದು ಗ್ಯಾಲರಿಗೆ ಬಂದು ನೋಡಿದೆ. ಅವನು ಓಣಿ ದಾಟಿ ಎದುರಿನ ಕಟ್ಟಡ ಹೊಕ್ಕ. ಅಲ್ಲಿ ಎರಡನೇ ಮಜಲೆಗೆ ಕಲಬುರಗಿ ಕಡೆಯ ಗಂಡಹೆಂಡಿರು ಹೊಸದಾಗಿ ಬಾಡಿಗೆಗೆ ಬಂದಿದ್ದಾರೆ, ಹಸುಗೂಸಿದೆ. ಒಳಗೆ ಗೋಡೆಯ ಮೂಲೆ ಹಸಿರುಗಟ್ಟಿದ್ದು ನಮ್ಮ ಗ್ಯಾಲರಿಗೇ ಕಾಣುತ್ತದೆ. ಕೂಸಿನ ತೊಟ್ಟಿಲು ಆ ಮೂಲೆಯಲ್ಲೇ. ಬಾಗಿಲು ತೆರೆಯಿತು. ಕೂಸಿನ ತಾಯಿಯಾದ ಆ ಹುಡುಗಿಯ ದನಿ ಓಣಿಯ ಮೇಲಿಂದ ಹಾದು ಬಂತು: "ಹೌದ್ರೀ? ನಮ್ಮ ಕಡೆಯವರೇನ್ರೀ? ಬರ್ರಿ, ಬರ್ರಿ. ಚಾ ಮಾಡ್ತೀನಿ ಕೂಡ್ರಿ."

ಬಾಗಿಲ ಹಿಂದಿನ ಕೋಲು ತೆಗೆದುಕೊಂಡೆ. ಮೆಟ್ಟಿಲಿಳಿದೆ. ಅವನು ಗುರುತು ಹಿಡಿದರೆ? ಆ ಹಳೆಯ ನೋಟೀಸು ಮತ್ತೆ ತೆಗೆದರೆ? ಯಾರ ಮನೆಯ ಮುಂದೆ ಹೋಗಿ ನಿಲ್ಲುವುದು? ಓಣಿ ದಾಟಿದೆ. ಹತ್ತುವಾಗ ಲಟ್ಟಣಿಗೆ ಕಟಾಂಜನಕ್ಕೆ ತಾಗಿ ಟಕಟಕ ಎನ್ನುತ್ತಿತ್ತು. ಆ ಸದ್ದು ಕೇಳಿದ ಮೇಲೆ ತಿರುಗಿ ಹೋಗುವುದು ನನ್ನಿಂದ ಆಗಲಿಲ್ಲ.

ಗಂಟೆ ಒತ್ತಿದೆ. ಆ ಹುಡುಗಿ ಬಾಗಿಲು ತೆರೆದು, ಕೈಯಲ್ಲಿನ ಕೋಲು ನೋಡಿ ಬೆರಗಾಗಿ, "ಯಾರ್ರೀ?" ಎಂದಳು. ಅವಳ ಹಿಂದೆ ಕುರ್ಚಿಯಲ್ಲಿ ಅವನು ಕೂತಿದ್ದ.

"ಎದುರಿನ ಮನಿಯಾಕಿ, ತಂಗಿ" ಎಂದೆ.

ಅವನ ಮುಖ ನೋಡಲಿಲ್ಲ. ಚಪ್ಪಲಿ ಬಿಡುತ್ತಲೇ ಮೊದಲು ಸೂರು ನೋಡಿದೆ.